ಅಪ್ಪನ ಡೊಳ್ಳು, ಖಾರದಪುಡಿ ಡಬ್ಬಿ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಹಳೆಯ ಸ್ಟೀಲ್ ಡಬ್ಬಿ ಇದೆ. ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿ ತಂದ ಖಾರದಪುಡಿ ಅದರಲ್ಲೇ ಇರಬೇಕೆಂಬುದು ನನ್ನ ಹೆಂಡತಿಯ ಕಟ್ಟಳೆ. ಮುಚ್ಚಳ ಸ್ವಲ್ಪ ಸಡಿಲ. ಪಕ್ಕದಲ್ಲಿ ಒಂದು ನೆಗ್ಗು. ಆದರೂ ಅವಳಿಗೆ ಅದು ಅಚ್ಚುಮೆಚ್ಚು. ನಾನು ಮಾತ್ರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಡಬ್ಬಿ ಕಣ್ಣಿಗೆ ಬಿದ್ದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತ ಬಂದಿದ್ದೆ. ಯಾಕೆ ಎಂಬುದನ್ನು ಹೋದ ವರ್ಷದ ಶ್ರಾವಣದವರೆಗೆ ಯಾರಿಗೂ ಹೇಳಿರಲಿಲ್ಲ.

ನಮ್ಮದು ಹಾವೇರಿ ತಾಲ್ಲೂಕಿನ ಗುತ್ತಲ. ಎಂಟುನೂರು ವರ್ಷಗಳ ಹಿಂದೆ ಗುತ್ತ ಅರಸರು ಆಳಿದ ಊರು. ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಅವರು ತಮ್ಮನ್ನು ಹೇಳಿಕೊಳ್ಳುತ್ತಿದ್ದರು. ನಾನು ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಪ್ರತಿ ವರ್ಷವೂ ಮಕ್ಕಳಿಗೆ ಈ ಕಥೆ ಹೇಳಿ, ಕೊನೆಗೆ "ಹಳೆಯದನ್ನು ಕಾಪಾಡಬೇಕು" ಎಂದು ಬೋಧನೆ ಮಾಡುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮೊಮ್ಮಗಳು ಏಳನೇ ತರಗತಿ. ಒಂದು ಸಂಜೆ ಶಾಲೆಯಿಂದ ಓಡುತ್ತ ಬಂದು ಚೀಲ ಕಟ್ಟೆಯ ಮೇಲೆ ಒಗೆದಳು.

"ಅಜ್ಜಾ, ಪ್ರತಿಭಾ ಕಾರಂಜಿಗೆ ನಮ್ ಸಾಲ್ಯಾಗ ಡೊಳ್ಳಿನ ಮೇಳ ಮಾಡಾಕತ್ತಾರ. ಮನ್ಯಾಗ ಡೊಳ್ಳು ಇದ್ದಾವ್ರು ತರ್ರಿ ಅಂದಾರ ನಮ್ ಸರ್. ನಾ ಕೈ ಎತ್ತೀನಿ!"

"ಯಾಕ ಎತ್ತಿದಿ?"

"ನಮ್ ಮುತ್ತ್ಯಾನ ಡೊಳ್ಳು ಐತೆಲ್ಲಾ! ನೀನ ಹೇಳ್ತೀಯಲ್ಲ ದಿನಾ!"

ದಿನಾ ಹೇಳುತ್ತಿದ್ದುದು ನಿಜ. ನಮ್ಮಪ್ಪ ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿದ್ದವನು. ಶ್ರಾವಣ ಬಂತೆಂದರೆ ರಾತ್ರಿಯೆಲ್ಲ ಡೊಳ್ಳಿನ ಹಾಡು. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಡೊಳ್ಳಿನ ಒಡಲಿನ ಒಳಗೆ ನಮ್ಮ ಕುರಿಗಳ ಗುರುತನ್ನೇ ಕಾದ ಕಬ್ಬಿಣದಿಂದ ಸುಟ್ಟು ಹಾಕಿದ್ದ. ಒಂದು ಅರ್ಧಚಂದ್ರ, ಕೆಳಗೆ ಎರಡು ಗೆರೆ. ಹಿಂಡಿನಲ್ಲಿ ಕುರಿ ಕಲೆತರೂ ಗುರುತು ನೋಡಿ ನಮ್ಮದನ್ನು ಆರಿಸಬಹುದು. ಡೊಳ್ಳಿಗೂ ಅದೇ ಇರಲಿ ಎಂಬ ಲೆಕ್ಕ ಅವನದು. ಈ ಕಥೆಯನ್ನೆಲ್ಲ ಮೊಮ್ಮಗಳಿಗೆ ಎಷ್ಟು ಸಲ ಹೇಳಿದ್ದೆನೋ! ಆ ಡೊಳ್ಳು ಕೊನೆಗೆ ಏನಾಯಿತು ಎಂಬಲ್ಲಿಗೆ ಬಂದಾಗ ಮಾತ್ರ ನಿದ್ದೆ ಬಂತೆಂದು ಆಕಳಿಸಿ ಮಗ್ಗುಲು ಬದಲಿಸುತ್ತಿದ್ದೆ.

"ಅದು... ಕಳದು ಹೋತವ್ವಾ," ಎಂದೆ.

ಅವಳು ಒಂದು ಕ್ಷಣ ಸುಮ್ಮನಿದ್ದು, "ಕಳದಿದ್ದು ಹುಡಿಕಿದ್ರ ಸಿಗತೈತಿ. ನಡಿ ಅಜ್ಜಾ, ಹುಡುಕೂಣು," ಎಂದಳು.

ಹೀಗೆ ನಮ್ಮ ಹುಡುಕಾಟ ಶುರುವಾಯಿತು.

ಹಳೆಯ ವಸ್ತು ಹುಡುಕುವವರು ಮೊದಲು ಹೋಗಬೇಕಾದದ್ದು ಮೋಡ್ಕಾ ಅಂಗಡಿಗೆ. ಬೆಂಗಳೂರು ಕಡೆ ಗುಜರಿ ಎನ್ನುವುದನ್ನು ನಮ್ಮ ಕಡೆ ಮೋಡ್ಕಾ ಎನ್ನುತ್ತೇವೆ. ನಮ್ಮೂರಿನ ಮೋಡ್ಕಾ ಅಂಗಡಿಯಲ್ಲಿ ಗಾಲಿಯಿಲ್ಲದ ಸೈಕಲ್ಲು, ಹೊಟ್ಟೆ ಬಗೆದ ಟಿ.ವಿ., ರೆಕ್ಕೆ ಮುರಿದ ಫ್ಯಾನು, ಕಟ್ಟು ಕಟ್ಟು ಹಳೆಯ ಪೇಪರು. ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು, "ಬರ್ರಿ ಸರ್ರ, ಏನ್ ಬೇಕಿತ್ರೀ?" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು, "ಹಳೇ ಡ್ರಮ್ ಬೇಕು ಕಾಕಾ," ಎಂದಳು. ಅವನು ಖುಷಿಯಿಂದ ನಮ್ಮನ್ನು ಹಿತ್ತಲಿಗೆ ಕರೆದೊಯ್ದು ಸಾಲಾಗಿ ನಿಲ್ಲಿಸಿದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತೋರಿಸಿದ. "ಇನ್ನೂರು ಲೀಟರಿಂದು. ಒಂದ ಹನಿ ಸೋರಂಗಿಲ್ರೀ. ನಳ ಬರದ ದಿನಕ್ಕ ಭಾಳ ಚಲೋ."

ಮೊಮ್ಮಗಳು ಒಂದರ ತಳಕ್ಕೆ ಗುದ್ದಿ ನೋಡಿದಳು. ಧಡ್ ಎಂದಿತು. "ಅಜ್ಜಾ, ಇದೂ ಬಾರಸತೈತಿ," ಎಂದು ನಕ್ಕಳು. ಮೂವರೂ ನಕ್ಕೆವು. ಡೊಳ್ಳು ಎಂದು ಬಿಡಿಸಿ ಹೇಳಿದಾಗ ಅವನು ತಲೆ ಕೆರೆದುಕೊಂಡ. "ಕಟ್ಟಿಗಿ ನಾವು ತಗೊಳಂಗಿಲ್ರೀ ಸರ್ರ. ಕಬ್ಬಿಣ, ತಾಮ್ರ, ಹಿತ್ತಾಳಿ ತೂಕಕ್ಕ ಹೋಗತಾವು. ಡೊಳ್ಳು ಬಂದ್ರ ಅದರ ಕಬ್ಬಿಣದ ಬಳಿ, ಬೋಲ್ಟು ಬಿಚ್ಚಿ ಇಟಗೊಂಡು ಕಟ್ಟಿಗಿ ಒಲಿಗೆ ಕಳಸೂದ."

ಒಲೆಗೆ ಎಂದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮಪ್ಪನ ಡೊಳ್ಳಿಗೆ ಬೋಲ್ಟು ಇರಲಿಲ್ಲ. ಬರೀ ಹಗ್ಗ. ಹಾಗಾದರೆ ನೇರ ಒಲೆಗೇ ಹೋಗಿರಬಹುದೇ?

ನಮ್ಮ ಸೀಮೆಗೆ ಚರ್ಮವಾದ್ಯಗಳ ಬರಗಾಲವೇನಿಲ್ಲ. ಹೋಳಿ ಹುಣ್ಣಿಮೆ ಬಂತೆಂದರೆ ಓಣಿ ಓಣಿಯ ಹುಡುಗರ ಕೈಯಲ್ಲೆಲ್ಲ ಹಲಗಿ. ಹೊಳೆಯಾಚೆ ಮೈಲಾರದ ಜಾತ್ರೆಗೆ ಹೊರಟ ಗೊರವಯ್ಯಗಳ ಕೈಯಲ್ಲಿ ಡಮರುಗ. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿಯ ಕಡೆ ಜಗ್ಗಲಗಿ ಎಂಬ ದೊಡ್ಡ ವಾದ್ಯವಿದೆ. ಎತ್ತಿನ ಗಾಡಿಯ ಗಾಲಿಗೆ ಚರ್ಮ ಬಿಗಿದು ಮಾಡುವಂಥದ್ದು. ಒಂದನ್ನು ಉರುಳಿಸಿಕೊಂಡು ಹೋಗಿ ಬಾರಿಸಲು ಗಟ್ಟಿಮುಟ್ಟಾದ ಆಳುಗಳೇ ಬೇಕು. ನೋಡಿ, ಅಲ್ಲಿ ಹೊಲಕ್ಕೆ ಬೇಡವಾದ ಗಾಲಿ ವಾದ್ಯವಾಗುತ್ತದೆ. ಇಲ್ಲಿ ಮನೆಗೆ ಬೇಡವಾದ ವಾದ್ಯ ಒಲೆಗೆ ಬೀಳುತ್ತದೆ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲೇ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾಯಿತು. ಆದರೆ ಪ್ರತಿ ಮನೆಯ ಅಟ್ಟವನ್ನು ಕಾಯುವುದು ಯಾವ ವಿಶ್ವವಿದ್ಯಾಲಯಕ್ಕೆ ಸಾಧ್ಯ? ಅಟ್ಟ ಕಾಯಬೇಕಾದವರು ಮನೆಯವರು.

ಮುಂದಿನ ರವಿವಾರ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆವು. ಮದುವೆಯ ಬ್ಯಾಂಡ್ ಸೆಟ್ಟಿನವರು ಬಿಟ್ಟುಕೊಟ್ಟ ಹಳೆಯ ಸಾಮಾನು ಮಾರುವ ಒಂದು ಅಂಗಡಿ ಇದೆಯೆಂದು ಯಾರೋ ಹೇಳಿದ್ದರು. ಅಲ್ಲಿ ಹೊಟ್ಟೆ ಉಬ್ಬಿದ ದೊಡ್ಡ ಬ್ಯಾಂಡ್ ಡ್ರಮ್ಮು, ಕೆಳಗಡೆ ತಂತಿ ಎಳೆದ ಸಣ್ಣ ಡ್ರಮ್ಮು ಇದ್ದವು. ಆ ತಂತಿ ಚರ್ಮಕ್ಕೆ ತಾಗಿ ಅದುರುವುದರಿಂದಲೇ ಸಣ್ಣ ಡ್ರಮ್ಮು ಚರ್ರ್ ಎನ್ನುತ್ತದೆ. ಮೊಮ್ಮಗಳು ತಂತಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಬಾರಿಸಿ, ಬಿಟ್ಟು ಬಾರಿಸಿ ನೋಡಿದಳು. ಒತ್ತಿದಾಗ ಟಪ್, ಬಿಟ್ಟಾಗ ಚರ್ರ್. ಅವಳಿಗೆ ಭಾರಿ ಸಂಭ್ರಮ.

ಮೂಲೆಯಲ್ಲಿ ಒಂದು ಡೊಳ್ಳೂ ಇತ್ತು. ಕಡುಗಪ್ಪು ಬಣ್ಣ. "ನೂರು ವರ್ಷದ್ದು ರೀ," ಎಂದ ಅಂಗಡಿಯವ. "ದೊಡ್ಡ ದೊಡ್ಡ ಹೋಟೆಲಿನವ್ರು ಬಾಗಲದಾಗ ಇಡಾಕ ಕೇಳ್ಯಾರ. ನಿಮಗಂತ ಆರು ಸಾವಿರಕ್ಕ ಕೊಡತೀನಿ."

ನನಗೆ ಡೊಳ್ಳು ಬಾರಿಸಲು ಬಾರದು. ಆದರೆ ಡೊಳ್ಳಿನ ಮಗ್ಗುಲಲ್ಲೇ ಬೆಳೆದವನು. ಒಂದು ಕಡೆಯ ಚರ್ಮ ಹರಿದಿತ್ತು. ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಹೊರಗೆ ಕಪ್ಪು, ಒಳಗೆ ಬೆಳ್ಳಗೆ, ಆಗ ತಾನೇ ಉಳಿ ಹೊಡೆದಂಥ ಕಟ್ಟಿಗೆ. ಬೆರಳನ್ನು ಹೊರಮೈಗೆ ಉಜ್ಜಿದರೆ ಬೆರಳೇ ಕಪ್ಪಾಯಿತು. ಎಣ್ಣೆ, ಮಸಿ ಬಳಿದು ಹಳೆಯದು ಮಾಡಿದ್ದರು. ನಿಜವಾಗಿ ಹಳತಾದ ಕಟ್ಟಿಗೆ ಒಳಗೂ ಹೊರಗೂ ಒಂದೇ ತೆರನಾಗಿ ಮಾಗಿರುತ್ತದೆ. ಹಗ್ಗ ಹಾಯುವ ಕಡೆ ಸವೆದ ಗೀರು ಇರುತ್ತದೆ. ಎಡಗೈ ತಾಗುವ ಬದಿಯ ಅಂಚು ಮನೆಯ ಹೊಸ್ತಿಲಿನಂತೆ ನುಣುಪಾಗಿರುತ್ತದೆ. ಇದರ ಅಂಚು ಎರಡೂ ಬದಿಗೆ ಒಂದೇ ತರಹ ಒರಟು. ಅಂದರೆ ಇದನ್ನು ಯಾರೂ ಬಾರಿಸಿಯೇ ಇಲ್ಲ.

"ತಮ್ಮಾ, ಚಲೋ ಐತಿ. ಆದ್ರ ನೂರು ವರ್ಷದ್ದಲ್ಲ," ಎಂದಷ್ಟೇ ಹೇಳಿ ಹೊರಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಮೊಮ್ಮಗಳು ಕೇಳಿದಳು. "ಅಜ್ಜಾ, ಅಂವ ಯಾಕ ಸುಳ್ಳ ಹೇಳಿದ?"

"ಸುಳ್ಳ ಹೇಳಿದ್ರ ಸಾಮಾನು ಲಗೂನ ಖರ್ಚಾಕ್ಕೈತಿ, ಅದಕ್ಕ," ಎಂದೆ. ಹೇಳಿ ಮುಗಿಸಿದ ಮೇಲೆ ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ. ಬೇಡದ ಪ್ರಶ್ನೆ ಬರಬಾರದೆಂದು "ಕಳದು ಹೋತು" ಎಂದವನು ನಾನೇ ಅಲ್ಲವೇ?

ಮೂರನೇ ರವಿವಾರ ಬ್ಯಾಡಗಿ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಅಲ್ಲಿಗೆ ಹೋದರೆ ಊರೇ ಕೆಂಪಗೆ ಕಾಣುತ್ತದೆ, ಮೂಗಿಗೆ ಘಾಟು ಬಡಿಯುತ್ತದೆ. ಶ್ರಾವಣದಲ್ಲಿ ಅಷ್ಟು ಗದ್ದಲವಿಲ್ಲ. ಊರ ಹೊರಗಿನ ಒಂದು ಮೋಡ್ಕಾ ಅಂಗಡಿಯಲ್ಲಿ ಕೆಲಸದ ಅಜ್ಜ ಒಬ್ಬ ಏನೋ ಒಂದರ ಮೇಲೆ ಕೂತು ತಂತಿ ಸುಲಿಯುತ್ತಿದ್ದ. ಮೊಮ್ಮಗಳು ನನ್ನ ಅಂಗಿ ಜಗ್ಗಿದಳು.

"ಅಜ್ಜಾ, ಆ ಯಜ್ಜ ಕುಂತಾನಲ್ಲ, ಅದು ನೋಡು."

ಚರ್ಮವಿಲ್ಲದ ಡೊಳ್ಳಿನ ಒಡಲು! ನೆಟ್ಟಗೆ ನಿಲ್ಲಿಸಿ, ಮೇಲೆ ಹಲಗೆ ಇಟ್ಟು ಮಣೆ ಮಾಡಿಕೊಂಡಿದ್ದ. ಅವನು ಎದ್ದ ಕೂಡಲೇ ಮೊಮ್ಮಗಳು ಅದನ್ನು ಹೊರಳಿಸಿ ತಲೆಯನ್ನೇ ಒಳಗೆ ತೂರಿಸಿದಳು. ಒಳಗಿದ್ದ ಮೆಣಸಿನ ಪುಡಿ ಮೂಗಿಗೆ ಹೋಗಿ ಸಾಲಾಗಿ ನಾಲ್ಕು ಸೀನು. ಆ ಸೀನು ಒಡಲಿನೊಳಗೆ ಗುಂಯ್ ಎಂದು ಮೊಳಗಿತು. ಯಾವ ಕಾಲದಲ್ಲೋ ಯಾರೋ ಅದರಲ್ಲಿ ಮೆಣಸಿನಕಾಯಿ ತುಂಬಿಟ್ಟಿರಬೇಕು.

ನಾನು ಬಾಗಿ ನೋಡಿದೆ. ಒಳಗೂ ಹೊರಗೂ ಮಾಗಿದ ಕಟ್ಟಿಗೆ. ಒಂದು ಬದಿಯ ಅಂಚು ನುಣುಪು. ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದೆ. ಎಲ್ಲ ಕಡೆ ಒಂದೇ ದನಿ. ನುಸಿ ತಿಂದ ಕಡೆ, ಸೀಳಿದ ಕಡೆ ದನಿ ಬೊಕ್ಕಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ನನ್ನ ಕೈ ನಡುಗುತ್ತಿತ್ತು.

"ಗುರುತ ಐತಿ ಅಜ್ಜಾ!" ಎಂದು ಕೂಗಿದಳು. ಟಾರ್ಚ್ ಬಿಟ್ಟೆ. ಗುರುತೇನೋ ಇತ್ತು. ಆದರೆ ಅರ್ಧಚಂದ್ರವಲ್ಲ. ಒಂದು ತ್ರಿಶೂಲ, ಅದರ ಪಕ್ಕದಲ್ಲಿ ಮೂರು ಚುಕ್ಕೆ.

ಮೊಮ್ಮಗಳ ಮುಖ ಬಾಡಿತು. ಕಣ್ಣಲ್ಲಿ ನೀರು. ಅದು ಮೆಣಸಿನದಲ್ಲ ಎಂದು ನನಗೆ ಗೊತ್ತಾಯಿತು. "ನಮ್ದಲ್ಲ. ಅಜ್ಜಾ, ಮುಂದಿನ ವಾರ ಹಾವೇರಿಗೆ ಹೋಗೂಣು. ಕಳದಿದ್ದು ಎಲ್ಲರ ಇರಬೇಕಲ್ಲ?"

ಆ ಮಗು ಇನ್ನೆಷ್ಟು ಊರು ಅಲೆಯಬೇಕು? ಅಲ್ಲೇ, ಹಳೆಯ ಕಬ್ಬಿಣದ ರಾಶಿಯ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ.

1988ನೇ ಇಸವಿ. ಅಪ್ಪ ತೀರಿ ಎರಡು ವರ್ಷವಾಗಿತ್ತು. ಡೊಳ್ಳಿನ ಚರ್ಮವನ್ನು ಇಲಿ ಕಡಿದಿತ್ತು. ನಾನು ಹೊಸದಾಗಿ ಮಾಸ್ತರಿಕೆ ಹಿಡಿದವನು. ಪ್ಯಾಂಟು, ಕೈಗಡಿಯಾರ, ಹೊಸ ಸೈಕಲ್ಲು. ಮನೆಗೆ ಬರುವ ಸಹೋದ್ಯೋಗಿಗಳು ಪಡಸಾಲೆಯಲ್ಲಿ ಹರಿದ ಡೊಳ್ಳು ನೋಡಿ ಏನೆಂದಾರು ಎಂಬ ಸಂಕೋಚ. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಪಾತ್ರೆಯವನು ಓಣಿಯಲ್ಲಿ ಕೂಗುತ್ತ ಬಂದ. ಹಳೆಯ ಸಾಮಾನು ಕೊಟ್ಟರೆ ಹೊಸ ಸ್ಟೀಲು. ಮುರಿದ ಬಾವಿಯ ಗಡಗಡೆಯ ಜೊತೆ ಡೊಳ್ಳನ್ನೂ ಎತ್ತಿ ಅವನ ಗಾಡಿಗೆ ಹಾಕಿದೆ. ಬದಲಿಗೆ ಒಂದು ಡಬ್ಬಿ ಬಂತು. ಹೆಂಡತಿ ಬಂದು ಡಬ್ಬಿ ನೋಡಿ ಖುಷಿಪಟ್ಟಳು. ಡೊಳ್ಳೆಲ್ಲಿ ಎಂದಾಗ, ಇಲಿ ಕಡಿದು ಹಾಳಾಗಿತ್ತು, ತೆಗೆದೆ ಎಂದೆ. ನಮ್ಮವ್ವ ಏನೂ ಕೇಳಲಿಲ್ಲ. ಆ ವರ್ಷ ಶ್ರಾವಣದಲ್ಲಿ ಗುಡಿಯಲ್ಲಿ ಡೊಳ್ಳು ಮೊಳಗಿದಾಗ ಎದ್ದು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅಷ್ಟೇ.

"ಖಾರಪುಡಿ ಡಬ್ಬಿ?" ಎಂದಳು ಮೊಮ್ಮಗಳು.

"ಹೂಂ. ಅದ."

ಅವಳು ಬಯ್ಯಲಿಲ್ಲ, ಅಳಲಿಲ್ಲ. ಬಹಳ ಹೊತ್ತು ತ್ರಿಶೂಲದ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು. "ಹಂಗಾರ ಇದನ್ನೂ ಯಾರೋ ಹಂಗ ಕೊಟ್ಟಾರ?"

"ಕೊಟ್ಟಿರಬೇಕವ್ವಾ."

"ಅವ್ರ ಮನ್ಯಾಗೂ ಯಾರರ ಹುಡುಕಾಕತ್ತಿರಬೇಕು."

ಅಂಗಡಿಯವ ಒಡಲನ್ನು ತಕ್ಕಡಿಗೆ ಹಾಕಿದ. ಹತ್ತು ಕಿಲೋ ಮೇಲೆ ಸ್ವಲ್ಪ. ಕಟ್ಟಿಗೆಗೆ ತೂಕದ ದರವಿಲ್ಲವಾದ್ದರಿಂದ ಎಷ್ಟು ಕೇಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಸಾವಿರದಿಂದ ಶುರುಮಾಡಿ ಏಳುನೂರಕ್ಕೆ ಬಂದ. ಮಣೆ ಕಳೆದುಕೊಂಡ ಅಜ್ಜನಿಗೆ ಐವತ್ತು ರೂಪಾಯಿ ಕೊಟ್ಟರೆ, "ಕೂಸು ಬಾರಸಾಕ ಒಯ್ಯಾಕತ್ತಾಳ. ನನಗ್ಯಾಕ್ರೀ?" ಎಂದು ವಾಪಸು ಕೊಟ್ಟ.

ಬಸ್ಸಿನಲ್ಲಿ ಮೊಮ್ಮಗಳು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಆ ಡಬ್ಬಿಯನ್ನು ಇಳಿಸಿಕೊಂಡು ಸುಮ್ಮನೆ ನೋಡುತ್ತ ಕೂತಳು. ನಾನು ಹೆಂಡತಿಗೂ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಡಬ್ಬಿ ಒರೆಸಿ ಮತ್ತೆ ಅದರ ಜಾಗಕ್ಕೇ ಇಟ್ಟು, "ಡಬ್ಬಿದೇನು ತಪ್ಪೈತಿ?" ಎಂದಳು. ತಪ್ಪು ಯಾರದೆಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಚರ್ಮ ಬಿಗಿಯುವ ಹಿರಿಯರೊಬ್ಬರು ಪಕ್ಕದ ಹಳ್ಳಿಯಲ್ಲಿದ್ದಾರೆ. ಒಡಲನ್ನು ನೋಡಿ ಅವರ ಮುಖ ಅರಳಿತು. "ಚರ್ಮ ಇವತ್ತು ಬರತೈತಿ, ನಾಳೆ ಹೋಗತೈತಿ ಮಾಸ್ತರ್ರ. ಡೊಳ್ಳಂದ್ರ ಈ ಕಟ್ಟಿಗಿ ನೋಡ್ರಿ. ಇದು ಸೀಳೂದೆಲ್ಲಾ ಯಾವಾಗೋ ಮುಗದೈತಿ. ಇನ್ನ ಸೀಳಂಗಿಲ್ಲ." ಹಸಿ ಮರದಲ್ಲಿ ನೀರಿರುತ್ತದೆ. ಅದು ಆರುತ್ತ ಹೋದಂತೆ ಮರ ಸೀಳುವುದು, ಸೊಟ್ಟಾಗುವುದು. ಹತ್ತಾರು ವರ್ಷ ಆರಿದ ಮರಕ್ಕೆ ಆ ಭಯವಿಲ್ಲ. ಹಳೆಯ ಒಡಲಿಗೆ ಬೆಲೆ ಬರುವುದು ಅದಕ್ಕೇ.

ಈಗೀಗ ಪ್ಲಾಸ್ಟಿಕ್ ಹಾಳೆ ಬಿಗಿಸುವವರೂ ಇದ್ದಾರೆ. ಮಳೆಗೆ ಅದು ಹೆದರುವುದಿಲ್ಲ, ನಿಜ. ಆದರೆ ಮೊಮ್ಮಗಳು ಚರ್ಮವೇ ಬೇಕೆಂದಳು. ಅವರು ಕೂದಲು ತೆಗೆದು ಹದ ಮಾಡಿದ ಚರ್ಮವನ್ನು ನೀರಲ್ಲಿ ನೆನೆಸಿ, ಹಸಿಯಿರುವಾಗಲೇ ಬಳೆಗೆ ಸುತ್ತಿ, ಹಗ್ಗವನ್ನು ಈ ಬದಿಯಿಂದ ಆ ಬದಿಗೆ ಎಳೆದು ಬಿಗಿಯುತ್ತಾರೆ. ಒಣಗುತ್ತ ಬಂದಂತೆ ಚರ್ಮ ಕುಗ್ಗಿ ತಾನೇ ಬಿಗಿಯಾಗುತ್ತದೆ. ಮಳೆಗಾಲದ ಥಂಡಿಗೆ ಸಡಿಲಾಗಿ ದನಿ ಮಂಕಾದರೆ ಬೆಂಕಿಯ ಕಾವು ತೋರಿಸಿದರಾಯಿತು, ತೇವ ಹೋಗಿ ಮತ್ತೆ ಬಿಗಿ. ಹೋಳಿಯಲ್ಲಿ ಹುಡುಗರು ಹಲಗಿಯನ್ನು ಬೆಂಕಿಗೆ ಹಿಡಿಯುವುದು ಇದೇ ಕಾರಣಕ್ಕೆ.

ಒಂದು ಬದಿಗೆ ಚರ್ಮ ಬಿಗಿದಾಗಿತ್ತು. ಇನ್ನೊಂದು ಬದಿಗೆ ಹಾಕುವ ಹೊತ್ತಿಗೆ ಮೊಮ್ಮಗಳು, "ಯಜ್ಜಾ, ಒಂದ ನಿಮಿಷ ತಡೀರಿ," ಎಂದಳು. ಚೀಲದಿಂದ ಮಾರ್ಕರ್ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಒಳಗ ಬರಿ ಅಜ್ಜಾ. ಇದು ತ್ರಿಶೂಲದ ಗುರುತಿನವರ ಡೊಳ್ಳು. ಬ್ಯಾಡಗಿ ಮೋಡ್ಕಾದಾಗ ಸಿಕ್ಕೈತಿ. ಅವ್ರು ಬಂದು ಕೇಳಿದ್ರ ಕೊಡಬೇಕು ಅಂತ ಬರಿ."

ಬರೆದೆ.

"ನಮ್ ಗುರುತನೂ ತಗಿ. ನಮ್ಮ ಡೊಳ್ಳು ಹೆಂಗ ಹೋತು ಅನ್ನೂದನೂ ಬರಿ. ಮುಂದ ಯಾರರ ಇದರ ಚರ್ಮ ಬಿಚ್ಚಿದಾಗ ಓದತಾರ. ಅವರಿಗೆ ಗೊತ್ತಿದ್ರ ಹೇಳತಾರ."

ಮೂವತ್ತೈದು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಕೈ ನನ್ನದು. ಆ ಕಟ್ಟಿಗೆಯ ಮೇಲೆ ಬರೆಯುವುದು ಕಷ್ಟವಾಯಿತು. ಅರ್ಧಚಂದ್ರ ತೆಗೆದೆ. ಎರಡು ಗೆರೆ ಎಳೆದೆ. ಕೆಳಗೆ ಬರೆದೆ. "ಈ ಗುರುತಿನ ಡೊಳ್ಳನ್ನು 1988ರಲ್ಲಿ ಗುತ್ತಲದಲ್ಲಿ ಒಂದು ಡಬ್ಬಿಗೆ ಬದಲಾಗಿ ಕೊಟ್ಟವನು ನಾನು." ಹಿರಿಯರು ಏನೂ ಕೇಳದೆ ಹಸಿ ಚರ್ಮ ಹೊದಿಸಿ ಹಗ್ಗ ಎಳೆದರು.

ಮಕ್ಕಳೇ, ನಿಮ್ಮ ಅಟ್ಟ, ಹಿತ್ತಲು, ದನದ ಕೊಟ್ಟಿಗೆಯಲ್ಲಿ ಒಮ್ಮೆ ಹುಡುಕಿ. ಕಾಳು ತುಂಬಿಟ್ಟದ್ದೋ, ಕೋಳಿ ಕಾವು ಕೂತದ್ದೋ ಒಂದು ಹಳೆಯ ಒಡಲು ಇರಬಹುದು. ಒಳಗೆ ಟಾರ್ಚ್ ಬಿಟ್ಟು ನೋಡಿ. ಅರ್ಧಚಂದ್ರದ ಕೆಳಗೆ ಎರಡು ಗೆರೆ ಕಂಡರೆ ಗುತ್ತಲದಲ್ಲಿ ಒಬ್ಬ ಹುಡುಗಿ ಕಾಯುತ್ತಿದ್ದಾಳೆ. ಅಜ್ಜ ಅಜ್ಜಿಯರೇ, ಮಕ್ಕಳು ಹಳೆಯ ವಸ್ತುವಿನ ಕಥೆ ಕೇಳಿದರೆ ಕೊನೆಯವರೆಗೆ ಹೇಳಿ. ಆಕಳಿಸಿ ಮಗ್ಗುಲು ಬದಲಿಸಬೇಡಿ.

ಈಗ ಪ್ರತಿ ಸಂಜೆ ನಮ್ಮ ಅಂಗಳದಲ್ಲಿ ಅಭ್ಯಾಸ. ಮೊದಲ ದಿನ ಅವಳು ಕೋಲೆತ್ತಿ ಹೊಡೆದಾಗ ನಾನು ಪಡಸಾಲೆಯಲ್ಲಿ ಕೂತಿದ್ದೆ. ಡೊಳ್ಳು ಢಂ ಎಂದ ಕೂಡಲೇ ಅಡುಗೆಮನೆಯಿಂದ ಗಣಗಣ ಎಂಬ ಸಣ್ಣ ಸದ್ದು. ಎದ್ದು ಹೋಗಿ ನೋಡಿದೆ. ಕಪಾಟಿನಲ್ಲಿದ್ದ ಖಾರದಪುಡಿ ಡಬ್ಬಿಯ ಸಡಿಲ ಮುಚ್ಚಳ ಅದುರುತ್ತಿತ್ತು. ಹೆಂಡತಿ ಅದನ್ನು ಒತ್ತಿ ಹಿಡಿಯಲು ಕೈ ಎತ್ತಿದಳು.

"ಇರಲಿ ಬಿಡು," ಎಂದೆ.